ಜೋಡಿ ಅಂಗಿಗೂ ಹೊಲಿದ ಕಪ್ಪು ಪಟ್ಟಿ

ಲೀಗಿನ ಶಿಸ್ತು ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ನಿಮ್ಮ ಆದೇಶದ ಏಳನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ವಾಕ್ಯ ನನ್ನದು. ಅದನ್ನು ನನ್ನ ಚಿಕ್ಕಮ್ಮ ಹೇಳಿದ್ದಲ್ಲ. ಸಹಿ ಹಾಕುವ ಮುಂಚೆ ಅವಳು ಅದನ್ನು ಓದಲೂ ಇಲ್ಲ. ಆ ಒಂದು ವಾಕ್ಯವನ್ನು ಹಿಡಿದುಕೊಂಡು, ಇಪ್ಪತ್ತೆರಡು ವರ್ಷ ಕ್ಲಬ್ಬಿನ ಅಂಗಿಗಳನ್ನು ಒಗೆದು, ಹೊಲಿದು, ಮಡಚಿಟ್ಟ ಹೆಂಗಸನ್ನು ನೀವು ಕೆಲಸದಿಂದ ತೆಗೆದಿದ್ದೀರಿ. ತೆಗೆದದ್ದು ನಾವಲ್ಲ, ಕ್ಲಬ್ಬು ಎಂದು ನಿಮ್ಮ ಕಚೇರಿ ಹೇಳುತ್ತದೆ. ಕ್ಲಬ್ಬನ್ನು ಕೇಳಿದರೆ, ಸಮಿತಿಯ ಸೂಚನೆ, ನಮ್ಮ ಕೈಯಲ್ಲೇನಿದೆ ಎನ್ನುತ್ತಾರೆ. ಯಾರೂ ತೆಗೆಯದೆ ಅವಳು ಮೂರು ವಾರದಿಂದ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಇಸ್ತ್ರಿಯಾದ ಬಟ್ಟೆಗೇ ಮತ್ತೆ ಇಸ್ತ್ರಿ ಹಾಕುತ್ತಿರುವುದು ಹೇಗೆ ಎಂಬುದನ್ನು ತಮ್ಮ ಸಮಿತಿಯೇ ಪತ್ತೆ ಹಚ್ಚಬೇಕು.

ಇದನ್ನು ಸಿಟ್ಟಿನಿಂದ ಬರೆಯಬೇಕಿತ್ತು. ಸಿಟ್ಟು ಬರುತ್ತಿಲ್ಲ. ಮರಗಟ್ಟಿದ ಬೆರಳಿನಿಂದ ಗುಂಡಿ ಹಾಕಿಕೊಳ್ಳುವ ಹಾಗೆ ಒಂದೊಂದೇ ಸಂಗತಿಯನ್ನು ಸೇರಿಸುತ್ತಿದ್ದೇನೆ. ಬಸ್ಸಿನಲ್ಲಿ ನನ್ನ ನಿಲ್ದಾಣ ಬಂದರೆ ‘ನಿಲ್ಲಿಸಿ’ ಎನ್ನಲಾರದೆ, ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ ಜಾತಿ ನಾನು. ಅಂಥವಳು ಪತ್ರಿಕೆಗೆ ಬರೆಯುತ್ತಿದ್ದೇನೆಂದರೆ ಅದಕ್ಕೆ ಕಾರಣ, ನಿಮ್ಮ ಕಚೇರಿಗೆ ಬರೆದ ಮೂರು ಪತ್ರಗಳಿಗೂ ‘ಅಭಿಮಾನಿಗಳ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂದದ್ದು. ನಾನು ಅಭಿಮಾನಿಯಲ್ಲ. ನನಗೆ ಫುಟ್‌ಬಾಲ್ ಅರ್ಥವೇ ಆಗುವುದಿಲ್ಲ.

ಓದುಗರಲ್ಲಿ ನನ್ನಂಥವರೂ ಇರುತ್ತಾರೆ, ಅವರಿಗಾಗಿ ನಡೆದದ್ದನ್ನು ಹೇಳುತ್ತೇನೆ. ನಮ್ಮ ಕ್ರೀಡಾಂಗಣಕ್ಕೆ ಹೊಸದೊಂದು ಸ್ಟ್ಯಾಂಡ್ ಕಟ್ಟಿದರು. ಉದ್ಘಾಟನೆಯ ದಿನ ಹತ್ತಿರ ಬಂದಂತೆ ಕೆಲಸದ ಎರಡು ಪಾಳಿ ಮೂರಾಯಿತು. ಚಾವಣಿ ಹಾಕುತ್ತಿದ್ದಾಗ ಕಬ್ಬಿಣದ ಸಾರುವೆ ಕುಸಿದು ಮೂವರು ಕೆಲಸಗಾರರು ಸತ್ತರು. ಲೀಗು ಏನೂ ಹೇಳಲಿಲ್ಲ. ಹತ್ತೊಂಬತ್ತು ದಿನಕ್ಕೆ ಅದೇ ಸ್ಟ್ಯಾಂಡಿನ ಮುಂದೆ ಮೊದಲ ಪಂದ್ಯ. ಕ್ರೀಡಾ ಮಂತ್ರಿಗಳು ಮೈದಾನದ ನಡುವೆ ನಿಂತು ರಿಬ್ಬನ್ ಕತ್ತರಿಸಿ, ತಮ್ಮ ಸರ್ಕಾರ ಬಂದ ಮೇಲೆ ಏನೇನು ಆಯಿತೆಂದು ಹದಿನಾಲ್ಕು ನಿಮಿಷ ವಿವರಿಸಿದರು. ಆಮೇಲೆ ತಂಡಗಳು ಬಂದವು. ಗೋಲ್‌ಕೀಪರನ ಎಡತೋಳಿನ ಮೇಲೆ ನಾಲ್ಕು ಬೆರಳಗಲದ ಕಪ್ಪು ಪಟ್ಟಿ ಇತ್ತು. ನಿಮ್ಮ ಆದೇಶದ ಪ್ರಕಾರ ಆ ದಿನ ಮೈದಾನದಲ್ಲಿ ನಡೆದ ಏಕೈಕ ರಾಜಕೀಯ ಅದು.

ಗೋಲ್‌ಕೀಪರನನ್ನು ಜನ ‘ಗೋಡೆ’ ಎಂದು ಕರೆಯುತ್ತಾರೆ. ಚಿಕ್ಕಮ್ಮನಿಗೆ ಅವನು ಬರೀ ‘ಒಂದು’. ಅವಳಿಗೆ ಆಟಗಾರರೆಲ್ಲ ಅಂಗಿಯ ಸಂಖ್ಯೆಗಳೇ. ಒಂಬತ್ತಕ್ಕೆ ಮದುವೆಯಂತೆ, ನಾಲ್ಕು ದಪ್ಪ ಆಗಿದ್ದಾನೆ, ಪಕ್ಕದ ಹೊಲಿಗೆ ಬಿಡ್ತಿದೆ ಎಂದು ಮನೆಯಲ್ಲಿ ವರದಿ ಕೊಡುತ್ತಾಳೆ. ಪಂದ್ಯದ ಬೆಳಿಗ್ಗೆ ‘ಒಂದು’ ಒಗೆಯುವ ಕೋಣೆಗೆ ಕಪ್ಪು ಟೇಪಿನ ಸುರುಳಿ ಹಿಡಿದುಕೊಂಡು ಬಂದು, ಇದನ್ನು ತೋಳಿಗೆ ಸುತ್ತಿಕೊಡಿ ಎಂದನಂತೆ. ಸತ್ತ ಮೂವರಿಗಾಗಿ ಎಂದೂ ಹೇಳಿದ.

“ಟೇಪ್ ಮಾತ್ರ ಬೇಡಪ್ಪಾ. ಅದರ ಅಂಟು ಏನು ಮಾಡಿದ್ರೂ ಹೋಗಲ್ಲ, ಪಕ್ಕದ ಅಂಗಿಗೂ ಹತ್ತುತ್ತೆ. ಬಿಚ್ಚು ಅಂಗಿ, ಹೊಲಿದುಕೊಡ್ತೀನಿ.”

ಹೊಲಿದ ಬಟ್ಟೆ ಎಲ್ಲಿಯದು ಎಂದು ನಿಮ್ಮ ಆದೇಶ ಎಲ್ಲೂ ಕೇಳಿಲ್ಲ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಹೋದ ವರ್ಷ ಲೀಗಿನ ಮುಖ್ಯ ಪ್ರಾಯೋಜಕ ಕಂಪನಿಯ ಹಿರಿಯರೊಬ್ಬರು ತೊಂಬತ್ತೊಂದನೇ ವಯಸ್ಸಿನಲ್ಲಿ, ಹಾಸಿಗೆಯಲ್ಲಿ, ನೆಮ್ಮದಿಯಾಗಿ ತೀರಿಕೊಂಡರು. ಆಗ ಎಲ್ಲ ತಂಡಗಳಿಗೂ ನಿಮ್ಮ ಕಚೇರಿಯಿಂದ ಕಪ್ಪು ಬಟ್ಟೆಯ ಸುರುಳಿಯೂ ಒಂದು ಸುತ್ತೋಲೆಯೂ ಬಂದವು: ಎಡತೋಳಿನ ಮೇಲೆ, ನಾಲ್ಕು ಬೆರಳಗಲ. ಉಳಿದ ಬಟ್ಟೆಯನ್ನು ಚಿಕ್ಕಮ್ಮ ಕಪಾಟಿನಲ್ಲಿ ಎತ್ತಿಟ್ಟಿದ್ದಳು. ಅವಳು ಏನನ್ನೂ ಬಿಸಾಡುವವಳಲ್ಲ. ಹಾಗಾಗಿ ನಿಮ್ಮದೇ ಬಟ್ಟೆ, ನಿಮ್ಮದೇ ಅಳತೆ, ನಿಮ್ಮದೇ ತೋಳು. ಸತ್ತವರು ಮಾತ್ರ ಬೇರೆ. ಯಾರು ಸತ್ತರೆ ಅದು ದುಃಖ, ಯಾರು ಸತ್ತರೆ ಅದು ನಿಯಮದ ಉಲ್ಲಂಘನೆ ಎಂಬುದರ ಪಟ್ಟಿಯೊಂದನ್ನು ಆ ಸುತ್ತೋಲೆಯ ಜೊತೆಗೇ ಕಳಿಸಿದ್ದರೆ ಒಗೆಯುವ ಕೋಣೆಯ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದಳು. ಟೇಪಿನಿಂದಲ್ಲ, ಮೊಳೆಯಿಂದ.

ಆಮೇಲಿನದೇ ಈ ಪ್ರಕರಣದ ಮುಖ್ಯ ಸಂಗತಿ. ಪ್ರತಿ ಆಟಗಾರನಿಗೂ ಪಂದ್ಯಕ್ಕೆ ಎರಡು ಅಂಗಿ ಇರುತ್ತವೆ. ಒಂದು ಹರಿದರೆ ಇನ್ನೊಂದು. ಎರಡನೆಯದಕ್ಕೆ ಇವರು ಜೋಡಿ ಅಂಗಿ ಎನ್ನುತ್ತಾರೆ. ಒಂದಕ್ಕೆ ಏನು ಮಾಡಿದರೂ ಜೋಡಿಗೂ ಮಾಡಬೇಕು, ಇಲ್ಲದಿದ್ದರೆ ಅಂಗಿ ತಯಾರಾದ ಲೆಕ್ಕವಲ್ಲ. ಚಿಕ್ಕಮ್ಮ ಮೊದಲ ಅಂಗಿಗೆ ಪಟ್ಟಿ ಹೊಲಿದಳು. ಕೈ ತಾನಾಗಿ ಜೋಡಿಯನ್ನೂ ಎಳೆದುಕೊಂಡಿತು.

ರೆಫರಿ ಪಟ್ಟಿ ತೆಗೆಯಲು ಹೇಳಿದರು. ಗೋಲ್‌ಕೀಪರನೂ ಅದಕ್ಕೆ ಸಿದ್ಧನಾಗಿಯೇ ಬಂದಿದ್ದ. ಒಂದು ನಿಮಿಷ ಕ್ಯಾಮೆರಾಕ್ಕೆ ಕಂಡರೆ ಸಾಕು, ಹೇಳಿದ ತಕ್ಷಣ ಕಿತ್ತುಹಾಕುವುದು ಎಂಬುದು ಅವನ ಅಂದಾಜು. ಎಳೆದ, ಬರಲಿಲ್ಲ. ಪ್ರಾಯೋಜಕರ ಬಿಲ್ಲೆ ನೂರು ಸಲ ಒಗೆದರೂ ಏಳಬಾರದೆಂದು ಹಾಕುವ ಹೊಲಿಗೆ ಅದು, ಅವಳಿಗೆ ಬರುವುದು ಅದೊಂದೇ. ಒಳಗೆ ಹೋಗಿ ಅಂಗಿ ಬದಲಿಸಿ ಬಾ ಎಂದರು. ಓಡಿಹೋದ, ಜೋಡಿ ಅಂಗಿ ಹಾಕಿಕೊಂಡು ಓಡಿಬಂದ. ಅದರ ಎಡತೋಳಿನ ಮೇಲೂ ನಾಲ್ಕು ಬೆರಳಗಲದ ಕಪ್ಪು ಪಟ್ಟಿ. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ನಕ್ಕಿತು. ಅವಸರದಲ್ಲಿ ಅವನೂ ನೋಡಿಕೊಂಡಿರಲಿಲ್ಲ. ದೊಡ್ಡ ಪರದೆಯ ಮೇಲೆ ತನ್ನ ತೋಳನ್ನು ತಾನೇ ನೋಡಿ ಪೆಚ್ಚಾಗಿ ನಿಂತ ಅವನ ಮುಖವನ್ನು ನೀವೂ ನೋಡಿದ್ದೀರಿ. ನೋಡಿದ ಮೇಲೂ ‘ಲೀಗನ್ನು ಅಪಹಾಸ್ಯಕ್ಕೆ ಗುರಿಮಾಡುವ ಪೂರ್ವಯೋಜಿತ ಸಂಚು’ ಎಂದು ಬರೆದಿದ್ದೀರಿ. ಮಾನ್ಯರೇ, ಸಂಚು ಮಾಡುವವರು ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾರೆಯೇ?

ಕೊನೆಗೆ ಚಿಕ್ಕಮ್ಮನನ್ನೇ ಮೈದಾನದ ಅಂಚಿಗೆ ಕರೆಸಿದರು. ಅವಳು ಬೆಂಚಿನ ಮೇಲೆ ಕೂತು, ಕನ್ನಡಕ ಏರಿಸಿಕೊಂಡು, ಜೋಡಿ ಅಂಗಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಯಾರೋ ಪುಣ್ಯಾತ್ಮರು ಉದ್ಘಾಟನೆಯ ತಟ್ಟೆಯಿಂದ ಚಿನ್ನದ ಬಣ್ಣದ ಕತ್ತರಿ ತಂದು ಮುಂದೆ ಹಿಡಿದರು. “ಇದು ರಿಬ್ಬನ್ ಕತ್ತರಿ. ಅಂಗಿ ಹಾಳಾಗುತ್ತೆ” ಎಂದು ಹಿಂದಿರುಗಿಸಿದಳು. ಪಂದ್ಯ ಹನ್ನೊಂದು ನಿಮಿಷ ನಿಂತಿತು. ಕ್ಯಾಮೆರಾಗಳಿಗೆ ಬೇರೆ ಕೆಲಸವಿರಲಿಲ್ಲ, ಅವಳ ಬೆರಳುಗಳನ್ನು ತೋರಿಸಿದವು. ಪಟ್ಟಿ ಬಂತು. ತೋಳಿನ ಮೇಲೆ ಸೂಜಿಯ ತೂತುಗಳ ಸಾಲು ಉಳಿಯಿತು. ಗೋಲ್‌ಕೀಪರ್ ಆ ಅಂಗಿಯನ್ನೇ ಹಾಕಿಕೊಂಡು ಆಡಿದ. ಪಂದ್ಯ ಮುಗಿದ ಮೇಲೆ ಮೈಕಿನ ಮುಂದೆ, ಆ ಸಾವುಗಳ ತನಿಖೆಯಾಗಲಿ ಎಂದಷ್ಟೇ ಹೇಳಿದ.

ಅವನಿಗೆ ವಿಚಾರಣೆ ನಡೆಯಿತು. ವಕೀಲರಿದ್ದರು, ಆಟಗಾರರ ಸಂಘವಿತ್ತು, ಮೇಜಿನ ಮೇಲೆ ನೀರಿನ ಬಾಟಲಿಗಳಿದ್ದವು. ಮೂರು ಪಂದ್ಯ ಹೊರಗೆ ಕೂತ. ಯಾರೋ ಬರೆದುಕೊಟ್ಟ ಕ್ಷಮಾಪಣೆ ಓದಿದ. ಈಗ ನಿಮ್ಮ ಹೊಸ ಪೋಸ್ಟರಿನಲ್ಲಿ ಅವನೇ ಇದ್ದಾನೆ: ‘ನಮ್ಮ ಆಟಗಾರರ ದನಿ, ನಮ್ಮ ಹೆಮ್ಮೆ.’ ನಾನು ಕರಡು ತಿದ್ದುವ ಪಠ್ಯಪುಸ್ತಕದ ಅಚ್ಚುಕೂಟದ ಎದುರಿನ ಗೋಡೆಯ ಮೇಲೂ ಅದನ್ನು ಅಂಟಿಸಿದ್ದಾರೆ, ದಿನಾ ನೋಡುತ್ತೇನೆ. ಚಿತ್ರ ಚೆನ್ನಾಗಿದೆ. ಎಡತೋಳು ಚೌಕಟ್ಟಿನ ಹೊರಗಿದೆ.

ಚಿಕ್ಕಮ್ಮನಿಂದ ಕೇಳಿದ್ದು ಒಂದು ಲಿಖಿತ ಹೇಳಿಕೆ, ಮರುದಿನ ಮಧ್ಯಾಹ್ನದೊಳಗೆ. ನೀನು ಓದಿದವಳಲ್ವಾ, ಬರಿ ಎಂದಳು. ಒಲೆಯ ಮುಂದೆ ನಿಂತೇ ಹೇಳಿದಳು:

“ಟೇಪಿನ ಅಂಟು ಹೋಗಲ್ಲ, ಅದಕ್ಕೆ ಹೊಲಿದೆ. ಒಂದಕ್ಕೆ ಹೊಲಿದ ಮೇಲೆ ಜೋಡಿಗೂ ಹೊಲೀಬೇಕು, ಹೊಲಿದೆ. ಬಟ್ಟೆ ಲೀಗಿನವರು ಕಳಿಸಿದ್ದು. ತೆಗಿ ಅಂದ್ರು, ತೆಗೆದೆ. ಇಷ್ಟು ಬರಿ.”

“ಇಷ್ಟೇನಾ?” ಎಂದೆ.

“ಇನ್ನೇನಿದೆ?”

ಐದು ವರ್ಷ ಸಾಹಿತ್ಯ ಓದಿದವಳಿಗೆ ಆ ಸಾಲುಗಳು ಬೋಳುಬೋಳಾಗಿ ಕಂಡವು. ಇಪ್ಪತ್ತೆರಡು ವರ್ಷ ದುಡಿದ ಹೆಂಗಸು ನಿಮ್ಮಂಥವರ ಮುಂದೆ ಅಂಟಿನ ಬಗ್ಗೆ ಮಾತಾಡಿದರೆ ಯಾರು ಮರ್ಯಾದೆ ಕೊಡುತ್ತಾರೆ ಎನ್ನಿಸಿತು. ಅಂಟನ್ನು ತೆಗೆದೆ. ಜೋಡಿ ಅಂಗಿಯನ್ನು ತೆಗೆದೆ. ಲೀಗಿನ ಬಟ್ಟೆ ಎಂಬುದನ್ನೂ, ದೂರು ಹೇಳಿದಂತಾಗುತ್ತದೆಂದು, ಬಿಟ್ಟೆ. ಅವುಗಳ ಜಾಗದಲ್ಲಿ ಬರೆದೆ: ‘ಆ ಪಟ್ಟಿಯ ಒಂದೊಂದು ಹೊಲಿಗೆಯೂ ಈ ಆಟದ ಮೌನಕ್ಕೆ ಎದುರಾಗಿ ನಾನು ಆಡಿದ ಒಂದೊಂದು ಮಾತು.’ ಬರೆದ ಮೇಲೆ ಎರಡು ಸಲ ಓದಿಕೊಂಡೆ. ಖುಷಿಯಾಗಿತ್ತು. ಅದನ್ನು ಇಲ್ಲಿ ಒಪ್ಪಿಕೊಳ್ಳುವುದು ಈ ಪತ್ರದ ಮಿಕ್ಕೆಲ್ಲಕ್ಕಿಂತ ಕಷ್ಟ. ಅವಳು ಕೈಯ ಹಿಟ್ಟು ಒರೆಸಿಕೊಂಡು, ತೋರಿಸಿದ ಕಡೆ ಸಹಿ ಹಾಕಿದಳು.

ಏಳನೇ ಪುಟ: ‘ಸಿಬ್ಬಂದಿಯು ತನ್ನ ಲಿಖಿತ ಹೇಳಿಕೆಯಲ್ಲೇ ಉದ್ದೇಶವನ್ನು ಒಪ್ಪಿಕೊಂಡಿರುವುದರಿಂದ ಪ್ರತ್ಯೇಕ ವಿಚಾರಣೆಯ ಅಗತ್ಯ ಕಂಡುಬರುವುದಿಲ್ಲ.’ ನನ್ನ ಬರವಣಿಗೆಯನ್ನು ಇಷ್ಟು ಗಂಭೀರವಾಗಿ ಯಾರೂ ಓದಿರಲಿಲ್ಲ, ಮಾನ್ಯರೇ. ವಂದನೆಗಳು.

ಆದೇಶ ಇನ್ನೂ ಕೈಸೇರದ ಒಂದು ಸೋಮವಾರ ಅವಳು ಊಟದ ಡಬ್ಬಿ ಹಿಡಿದು ಹೋದಾಗ ಗೇಟಿನಲ್ಲಿ ಕಾರ್ಡಿಗೆ ಕೆಂಪು ದೀಪ ಹತ್ತಿತು. ಮಷೀನ್ ಕೆಟ್ಟಿರಬೇಕು, ಇನ್ನೊಂದು ಸಲ ಇಡಿ ಎಂದು ಕಾವಲುಗಾರ ಮೂರು ಸಲ ಹೇಳಿದನಂತೆ. ಮೂರನೆಯ ಸಲ ಹೇಳುವಾಗ ಅವನು ನೆಲ ನೋಡುತ್ತಿದ್ದ. ಡಬ್ಬಿಯನ್ನು ಅವಳು ಮನೆಗೆ ತಂದು ಹಾಗೇ ಉಂಡಳು. ಆದೇಶ ಬಂದ ಮೇಲೆ ನಾನೇ ಓದಿ ಹೇಳಿದೆ. ಆ ವಾಕ್ಯ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

“ಇದನ್ನ ನಾನು ಯಾವಾಗ ಹೇಳಿದೆ?”

ನಾನು ಪುಟದ ಅಂಚನ್ನು ಮಡಚುತ್ತಿದ್ದೆ.

“ಮಾತು ಚೆನ್ನಾಗಿದೆ,” ಎಂದಳು. “ನಂದಲ್ಲ.”

ಬೈದಿದ್ದರೆ ಒಳ್ಳೆಯದಿತ್ತು.

ಹೋದ ವಾರ ಗೋಲ್‌ಕೀಪರ್ ಮನೆಗೆ ಬಂದಿದ್ದ. ನಮ್ಮ ಕುರ್ಚಿಯಲ್ಲಿ ಅವನ ಮೊಣಕಾಲು ಎದೆಯ ಮಟ್ಟಕ್ಕೆ ಬರುತ್ತಿತ್ತು. ಬರೆದುಕೊಟ್ಟದ್ದನ್ನು ಓದಿಬಿಟ್ಟೆ ಅಕ್ಕಾ, ನಿಮ್ಮ ವಿಷಯ ಹೊರಗೆ ಬಂದ ಮೇಲೆ ಗೊತ್ತಾಯ್ತು ಎಂದು ತಲೆ ತಗ್ಗಿಸಿದ. ಚಿಕ್ಕಮ್ಮ ಗ್ಲೌಸ್ ಸರಿಯಾಗಿ ಒಣಗಿಸ್ತಿದ್ದಾರಾ ಎಂದು ಕೇಳಿದಳು. ಇಲ್ಲ, ವಾಸನೆ ಬರುತ್ತೆ ಎಂದ. “ಮೂಲೆ ತಂತಿಗೆ ಹಾಕೋಕೆ ಹೇಳು” ಎಂದಳು.

ಅವನು ಹೋದ ಮೇಲೆ ಆ ತಂತಿ ಯಾವುದು ಎಂದು ಕೇಳಿದೆ. ಹೇಳಿಕೆ ಬರೆಯುವ ಮುಂಚೆ ಇಂಥದೊಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಸಾರುವೆ ಕುಸಿಯುವ ಎರಡು ತಿಂಗಳ ಮೊದಲು, ತಮ್ಮ ಶೆಡ್ಡಿನಲ್ಲಿ ನೀರು ಬರುವುದು ನಿಂತಾಗ, ಸ್ಟ್ಯಾಂಡ್ ಕಟ್ಟುವ ಕೆಲಸಗಾರರು ಒಗೆಯುವ ಕೋಣೆಯ ನಲ್ಲಿಗೆ ಬರುತ್ತಿದ್ದರಂತೆ. ಅವರಲ್ಲಿ ಕನ್ನಡಕದವನೊಬ್ಬ, ಗ್ಲೌಸ್ ಒಣಗಿಸಲು ಜಾಗವಿಲ್ಲವೆಂದು ಇವಳು ಗೊಣಗುವುದನ್ನು ಕೇಳಿ, ಊಟದ ಬಿಡುವಿನಲ್ಲಿ ಗೋಡೆಯಿಂದ ಗೋಡೆಗೆ ತಂತಿ ಕಟ್ಟಿಕೊಟ್ಟ. ಗಟ್ಟಿ ಇದೆಯೇನಪ್ಪಾ ಎಂದರೆ, ನೋಡಿ ಅಕ್ಕಾ ಎಂದು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದು ತೋರಿಸಿದನಂತೆ. ಸತ್ತ ಮೂವರಲ್ಲಿ ಅವನೊಬ್ಬ. ತಂತಿ ಇನ್ನೂ ಹಾಗೇ ಇದೆ.

“ಇದನ್ನ ಯಾಕೆ ಹೇಳಲಿಲ್ಲ ಚಿಕ್ಕಮ್ಮಾ?”

“ಪಟ್ಟಿ ಯಾಕೆ ಹೊಲಿದೆ ಅಂತ ಕೇಳಿದ್ರು, ಅದಕ್ಕೆ ಹೇಳಿದೆ. ಅವನ ಬಗ್ಗೆ ಯಾರು ಕೇಳಿದ್ರು?”

ಈಗ ನನ್ನ ಬೇಡಿಕೆ. ಏಳನೇ ಪುಟದಿಂದ ನನ್ನ ವಾಕ್ಯವನ್ನು ತೆಗೆದುಹಾಕಿ, ಮೇಲಿರುವ ಅವಳ ಮಾತನ್ನು ಅವಳು ಹೇಳಿದ ಹಾಗೇ ಸೇರಿಸಿ. ಸುಳ್ಳು ಹೇಳಿಕೆ ಬರೆದ ತಪ್ಪಿಗೆ ಯಾವ ನಿಯಮವಿದೆಯೋ ಅದನ್ನು ನನ್ನ ಮೇಲೆ ಹೂಡಿ. ಅವಳನ್ನು ವಿಚಾರಣೆಗೆ ಕರೆಯಿರಿ. ಪ್ರಶ್ನೆ ಕೇಳಿ, ಅವಳು ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಕನ್ನಡಕದವನ ಬಗ್ಗೆ ಕೇಳುವ ಧೈರ್ಯವಿದ್ದರೆ ಅದಕ್ಕೂ ಕೊಡುತ್ತಾಳೆ. ಅದಾದ ಮೇಲೆ ಅವಳ ಕಾರ್ಡಿಗೆ ಹಸಿರು ದೀಪ ಹತ್ತದಿರಲು ಕಾರಣ ಉಳಿದಿದ್ದರೆ, ಅವಳ ಮುಖ ನೋಡಿ ಹೇಳಿ.

ಇನ್ನೊಂದು ಮಾತಿದೆ. ಪಟ್ಟಿ ಇರುವ ಮೊದಲ ಅಂಗಿಯನ್ನು ಸಾಕ್ಷ್ಯವೆಂದು ಪ್ಲಾಸ್ಟಿಕ್ ಚೀಲದಲ್ಲಿ ಮೊಹರು ಮಾಡಿಟ್ಟಿದ್ದೀರೆಂದು ಆದೇಶದಲ್ಲಿದೆ. ಅಷ್ಟೂ ಪುಟಗಳಲ್ಲಿ ಚಿಕ್ಕಮ್ಮ ಎದ್ದು ಕೂತದ್ದು ಆ ಸಾಲಿಗೆ ಮಾತ್ರ. “ಒಗೀದೆ ಇಟ್ಟಿದ್ದಾರಾ? ಬೂಷ್ಟು ಹಿಡಿಯುತ್ತೆ ಕಣೇ.” ಆದ್ದರಿಂದ ವಿಚಾರಣೆಯ ದಿನ ಅಂಗಿಯನ್ನೂ ಮೇಜಿನ ಮೇಲೆ ತರಿಸಿ. ನಿಮ್ಮ ಮೊದಲ ಪ್ರಶ್ನೆಗೆ ಮುಂಚೆ ಅವಳು ಅದನ್ನು ಮೂಸಿ ನೋಡಿದರೆ ತಪ್ಪು ತಿಳಿಯಬೇಡಿ. ಪಟ್ಟಿ ತೆಗೆದುಕೊಡು ಎಂದರೆ ತೆಗೆದುಕೊಡುತ್ತಾಳೆ, ಅಂಗಿ ಹಾಳಾಗದಂತೆ, ಒಂದೊಂದೇ ಹೊಲಿಗೆ. ಹನ್ನೊಂದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ನೀವು ಎದುರಿಗೆ ಕೂತಿರಬೇಕು. ತೂತುಗಳ ಸಾಲಿಗೆ ಅವಳು ಏನೂ ಮಾಡಲಾರಳು.

ನಾನು ಹೊರಗಿನ ಬೆಂಚಿನ ಮೇಲೆ ಇರುತ್ತೇನೆ. ಒಂದು ಮಾತೂ ಆಡುವುದಿಲ್ಲ.

ಇಂತಿ,
ಕೇಳದೆ ಒಂದು ವಾಕ್ಯ ಹೆಚ್ಚಿಗೆ ಬರೆದವಳು