ಚೂಟಿಯ ಪೆಟ್ಟಿಗೆಗೆ ಪವರ್ ಸಪ್ಲೈ

ಬುಧವಾರ, ಮಧ್ಯಾಹ್ನ

ಚೂಟಿಯ ಅಪ್ಪನಿಗೆ, ಅವಳ ಅಮ್ಮನ ನಮಸ್ಕಾರ.

ಕಾಗದ ನೋಡಿ ಎದೆ ಹೊಡೆದುಕೊಳ್ಳಬೇಡಿ. ಮಗಳು ಇದ್ದಾಳೆ. ಫೋನಿನಲ್ಲೇ ಹೇಳೋಣವೆಂದರೆ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಇಳಿಯುತ್ತೇವೆ. ಇರುವುದೊಂದೇ ಕೋಣೆ, ಅವಳ ಕಿವಿಯೋ ಬಲು ಚುರುಕು. ಮೈಯಲ್ಲಿ ಉಳಿದ ಶಕ್ತಿಯೆಲ್ಲ ಕಿವಿಗೇ ಹೋಗಿ ಸೇರಿದೆಯೇನೋ ಅನ್ನಿಸುತ್ತದೆ. ಹಾಗಾಗಿ ಹೊಲಿಗೆ ಮೆಷಿನ್ನಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಯಾರದೋ ಅಳತೆ ಬರೆದುಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದಾಳೆ.

ನೀವು ಕಳಿಸಿದ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ, ಅದರೊಳಗಿನ ಸಾಮಾನು ಎಲ್ಲ ಮುಟ್ಟಿವೆ. ನೀವು ಬರೆದುಕೊಟ್ಟ ಹಾಗೇ ಒಂದೊಂದಾಗಿ ಕೂರಿಸಿದೆ. ಚೂಟಿ ಮಲಗಿದಲ್ಲಿಂದಲೇ ಮೇಸ್ತ್ರಿಗಿರಿ ಮಾಡಿದಳು. ಒಂದು ತಿರುಪು ಕೈಜಾರಿ ಬಿದ್ದಾಗ ಅದು ಎಲ್ಲಿಗೆ ಉರುಳಿತೆಂದು ಹೇಳಿದವಳೂ ಅವಳೇ. ಎಲ್ಲಕ್ಕೂ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿಯೊಂದನ್ನು ಮಾತ್ರ, ಕೆಟ್ಟರೆ ಬದಲಾಯಿಸಿಕೊಳ್ಳಲು ಸುಲಭ, ಅಲ್ಲೇ ತಗೋ ಅಂದಿದ್ದಿರಲ್ಲ, ಅದರಲ್ಲೇ ನಾನು ಎಡವಿದ್ದು.

ಅಂಗಡಿಯವನು ಎರಡು ತೋರಿಸಿದ. ಒಂದು ಗಿಡ್ಡ, ಇನ್ನೊಂದು ಅದಕ್ಕಿಂತ ಎರಡು ಬೆರಳು ಉದ್ದ. "ಉದ್ದದ್ದೇ ತಗೊಳ್ಳಿ ಮೇಡಮ್, ಫ್ಯಾನ್ ದೊಡ್ಡದು, ನಿಧಾನಕ್ಕೆ ತಿರುಗತ್ತೆ, ಸದ್ದೇ ಬರಲ್ಲ" ಅಂದ. ನಾನು ಟೇಪು ಹಿಡಿದೇ ಹೋಗಿದ್ದೆ. ಪೆಟ್ಟಿಗೆಯೊಳಗಿನ ಜಾಗದ ಅಳತೆ ಚೀಟಿಯಲ್ಲಿತ್ತು, ಡಬ್ಬಿ ಸರಿಯಾಗಿ ಹಿಡಿಯುತ್ತಿತ್ತು. ಅಳತೆಯ ವಿಷಯದಲ್ಲಿ ನನಗೆ ಯಾರು ಹೇಳಿಕೊಡಬೇಕು ಎಂಬ ಜಂಬ ಬೇರೆ. ಮನೆಗೆ ತಂದು ಕೂರಿಸಿದರೆ ಡಬ್ಬಿಯೇನೋ ಕೂತಿತು, ಅದರ ಬೆನ್ನಿಂದ ಹೊರಡುವ ವೈರುಗಳಿಗೆ ಜಾಗವೇ ಇಲ್ಲ! ಆ ವೈರಿನ ಕಟ್ಟು ಸುಲಭಕ್ಕೆ ಬಗ್ಗುವ ಜಾತಿಯದಲ್ಲ. ಒತ್ತಿದರೆ ಪಕ್ಕದ ಗ್ರಾಫಿಕ್ಸ್ ಕಾರ್ಡಿಗೆ ತಾಗುತ್ತದೆ, ಬಿಟ್ಟರೆ ಮುಚ್ಚಳ ಮುಚ್ಚುವುದಿಲ್ಲ. ಇಷ್ಟು ವರ್ಷ ಊರವರ ಬಟ್ಟೆ ಹೊಲಿದವಳು ನಾನು. ಹೊಲಿಗೆಗೆ ಅಂಚು ಬಿಡದೆ ಯಾವತ್ತಾದರೂ ಬಟ್ಟೆ ಕತ್ತರಿಸಿದ್ದುಂಟೇ? ಇಲ್ಲಿ ಅದನ್ನೇ ಮಾಡಿದೆ. ಮುಚ್ಚಳವನ್ನು ಮಂಡಿಯಲ್ಲಿ ಒತ್ತಿಕೊಂಡು ಕೂತಿದ್ದ ನನ್ನನ್ನು ನೋಡಿ ಚೂಟಿಗೆ ನಗು. ಉಸಿರಿನ ಮಾಸ್ಕಿನೊಳಗೆ ಅವಳ ನಗು ಕಣ್ಣಲ್ಲಿ ಮಾತ್ರ ಕಾಣುತ್ತದೆ. ನನಗೆ ಅಳು ಬಂತು, ಅಡುಗೆ ಕಟ್ಟೆಯ ಕಡೆ ಹೋಗಿ ಪಾತ್ರೆ ತೊಳೆದೆ.

ಗಿಡ್ಡದ್ದನ್ನೇ ತರಬಹುದಲ್ಲ ಅನ್ನುತ್ತೀರಿ. ಅಂಗಡಿಯಲ್ಲೇ ಅದನ್ನು ಹಾಕಿಸಿ ಸದ್ದು ಕೇಳಿದೆ. ಅದರ ಫ್ಯಾನ್ ಚಿಕ್ಕದು, ಕೆಲಸ ಜಾಸ್ತಿಯಾದರೆ ಗುಂಯ್ ಅನ್ನುತ್ತದೆ. ಬೇರೆ ಮನೆಯಲ್ಲಾದರೆ ಅದೊಂದು ಸದ್ದೇ ಅಲ್ಲ. ನಮ್ಮ ಮನೆಯಲ್ಲಿ ಈ ಪೆಟ್ಟಿಗೆ ಇರಬೇಕಾದ್ದು ಅವಳ ಉಸಿರಿನ ಯಂತ್ರದ ಪಕ್ಕ, ಅದೇ ಹಲಗೆಯ ಮೇಲೆ. ಮಾಸ್ಕ್ ಸ್ವಲ್ಪ ಜರುಗಿದರೂ ಆ ಯಂತ್ರ ಸಣ್ಣ ದನಿಯಲ್ಲಿ ಕೂಗುತ್ತದೆ. ಅದು ಕೇಳಲೆಂದೇ ನಾನು ಒಂದೊಂದು ಹೊಲಿಗೆಗೂ ಮೆಷಿನ್ ನಿಲ್ಲಿಸಿ ಕಿವಿಗೊಡುತ್ತೇನೆ. ಆ ಗುಂಯ್ ನಡುವೆ ಒಂದು ಸಲ ನನಗೆ ಕೇಳಿಸದೆ ಹೋದರೆ? ಮುಂದಿನದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಈಗ ಅಂಗಡಿಯವನು ಹೊಸ ರಾಗ ತೆಗೆದಿದ್ದಾನೆ. ಗಿಡ್ಡದ್ದರಲ್ಲೇ ಹೆಚ್ಚು ವಾಟಿನದು ಹಾಕಿ, ಆರುನೂರು ಸಾಕಾಗೋ ಕಡೆ ಏಳುನೂರೈವತ್ತು, ಅದು ಪೂರ್ತಿ ದುಡೀಬೇಕಾಗಲ್ಲ, ಬಿಸಿಯಾಗಲ್ಲ, ಫ್ಯಾನ್ ತಿರುಗೋದೇ ಕಮ್ಮಿ ಅನ್ನುತ್ತಾನೆ. ನಿಜವೋ ನನಗೆ ಟೋಪಿ ಹಾಕುತ್ತಿದ್ದಾನೋ ನೀವೇ ಹೇಳಬೇಕು. ಇಲ್ಲವಾದರೆ ಉದ್ದದ್ದಕ್ಕೇ ಗಿಡ್ಡ ವೈರುಗಳನ್ನು ಬೇರೆ ತರಿಸಬಹುದಂತೆ, ಆದರೆ ಬರುವುದು ಯಾವಾಗ ಎಂದು ಹೇಳಲಾರ. ಕಾಯಲು ನಮಗೆಲ್ಲಿ ಪುರುಸೊತ್ತಿದೆ? ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೇ ಅಲುಗುವುದಕ್ಕೆ ಉಳಿದಿರುವುದು. ವ್ಯಾಯಾಮ ಮಾಡಿಸಲು ಬರುವಾಕೆ ನನ್ನನ್ನು ಬಾಗಿಲಾಚೆ ಕರೆದು, "ಇವತ್ತು ಏನಿದೆಯೋ ಅದನ್ನ ಇವತ್ತೇ ಬಳಸ್ಕೊಳ್ಳಿ ಅಕ್ಕಾ" ಅಂದಳು. ನೀವು ಅಲ್ಲಿಂದ, ಇವಳು ಇಲ್ಲಿಂದ ಕಟ್ಟುತ್ತಿರುವ ಆ ಆಟದ ಸೇತುವೆಯ ಕೊನೆಯ ಕಲ್ಲನ್ನು ತಾನೇ ಇಡಬೇಕು, ಆಚೆ ದ್ವೀಪಕ್ಕೆ ನಿಮ್ಮ ಜೊತೆ ತಾನೇ ದಾಟಬೇಕು ಎಂಬುದೊಂದೇ ಚೂಟಿಯ ಹಟ. ಮೇಜಿನ ಹತ್ತಿರ ಕೂತು ಹಳೆಯ ಕಂಪ್ಯೂಟರಿನಲ್ಲಿ ಆಡಲು ಬೆನ್ನು ನಿಲ್ಲುವುದಿಲ್ಲ. ಅದಕ್ಕೇ ಈ ಪುಟ್ಟ ಪೆಟ್ಟಿಗೆ, ಅದಕ್ಕೇ ಇಷ್ಟು ರಾಮಾಯಣ.

ನೀವು ಮನೆ ಬಿಟ್ಟು ಹೋದದ್ದಕ್ಕೆ ಬೈಯಲು ಈ ಕಾಗದವಲ್ಲ. ಆದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ, ಬೈದುಬಿಡುತ್ತೇನೆ. ನನ್ನ ಕೈಲಿ ನೋಡೋಕಾಗಲ್ಲ ಅಂದಿರಿ. ನೋಡೋಕಾಗುವವರು ಯಾರಿದ್ದಾರೆ? ನನಗೇನು ಕಲ್ಲಿನ ಕಣ್ಣು ಕೊಟ್ಟಿದ್ದಾನೆಯೇ ದೇವರು? ನೀವು ಊರವರ ಲಿಫ್ಟುಗಳನ್ನು ರಿಪೇರಿ ಮಾಡಿಕೊಂಡು ಓಡಾಡುತ್ತೀರಿ, ಕೆಟ್ಟದ್ದು ಸರಿಯಾಗುವುದನ್ನು ದಿನವೂ ಕಾಣುತ್ತೀರಿ. ನಾನು ಕಾಣುವುದು ಅದರ ತದ್ವಿರುದ್ಧ. ಮೊದಲು ಮೆಟ್ಟಿಲು ಹೋಯಿತು, ಆಮೇಲೆ ಚಮಚ ಹೋಯಿತು, ಆಮೇಲೆ ಜಡೆ ಹೆಣೆದುಕೊಳ್ಳುವುದು ಹೋಯಿತು. ಸಾಕಾಗಿ ಹೋಗಿದೆ ನನಗೆ. ಯಾವ ಭರವಸೆಯೂ ಇಲ್ಲದೆ ಎದ್ದು ಮುಖ ತೊಳೆಯುವುದು ಒಂದು ಅಭ್ಯಾಸವಾಗಿದೆ, ಅಷ್ಟೆ.

ಒಂದು ಮಾತು ಮಾತ್ರ ನಿಮ್ಮ ಪರವಾಗಿ ಹೇಳುತ್ತೇನೆ. ಸಂಜೆಯ ಆಟವನ್ನು ನೀವು ಒಂದು ದಿನವೂ ತಪ್ಪಿಸಿಲ್ಲ. ಜ್ವರ ಬಂದಾಗಲೂ ಬಂದಿರಿ. ಮಾಸ್ಕ್ ಹಾಕಿಕೊಂಡವಳ ಮಾತು ನನಗಲ್ಲದೆ ಯಾರಿಗೂ ತಿಳಿಯುವುದಿಲ್ಲವೆಂದು ನೀವೂ ಮಾತು ಬಿಟ್ಟು ಅವಳ ಜೊತೆ ಅಕ್ಷರ ಒತ್ತಿಯೇ ಹರಟುತ್ತೀರಿ. ಅದಕ್ಕೆ ನಾನು ಋಣಿ.

ಯಾವ ಡಬ್ಬಿ ಎಂದು ಬೇಗ ಬರೆಯಿರಿ. ಮನೆಗೆ ಬರೆಯಬೇಡಿ, ಕೆಳಗಿನ ಇಸ್ತ್ರಿ ಅಂಗಡಿಯ ವಿಳಾಸಕ್ಕೆ ಬರೆಯಿರಿ. ಊಟ ಹೊತ್ತಿಗೆ ಸರಿಯಾಗಿ ಮಾಡಿ.

ನಿಮ್ಮ ಉತ್ತರದ ದಾರಿ ನೋಡುತ್ತಿರುವ
ಚೂಟಿಯ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಎರಡು ಬೆರಳು ಉಳಿದಿವೆ ಎಂದು ಬರೆದೆನಲ್ಲ, ಅದು ಸುಳ್ಳು. ಶಾಲೆಗಳಿಗೆ ರಜೆ ಬಿಡುವ ಮೊದಲೇ ಅವೂ ಹೋದವು. ಅಲ್ಲಿಂದೀಚೆಗೆ ನಿಮ್ಮ ಜೊತೆ ಆಡುತ್ತಿರುವುದು ನಾನು. ಪರದೆಯನ್ನು ಹಾಸಿಗೆಯ ಕಡೆ ತಿರುಗಿಸಿಕೊಂಡು, ಎಡಕ್ಕೆ, ಬಲಕ್ಕೆ, ಹಾರಮ್ಮಾ ಎಂದು ಅವಳು ಹೇಳಿದಂತೆ ಒತ್ತುತ್ತಿದ್ದೆ. ನನ್ನ ಮಗಳ ಕೈ ಈಗ ಎಷ್ಟು ಪಳಗಿದೆ ಎಂದು ನೀವು ಹೊಗಳಿದ್ದು ನನ್ನ ಕೈಯನ್ನು. "ಅಪ್ಪಂಗೆ ಹೇಳ್ಬೇಡಮ್ಮ, ಗೊತ್ತಾದ್ರೆ ಆಟಕ್ಕೆ ಬರೋದೇ ಬಿಟ್ಬಿಡ್ತಾರೆ" ಎಂದು ಆಣೆ ಹಾಕಿಸಿಕೊಂಡಿದ್ದಳು. ಹೊಸ ಪೆಟ್ಟಿಗೆ ಸಿದ್ಧವಾದರೆ ಬೆರಳು ತಾಕಿಸಿದರೂ ಸಾಕು, ನೀನೇ ಆಡಬಹುದು ಎಂದು ನಾನು ಅವಳಿಗೂ ಸುಳ್ಳು ಹೇಳಿಟ್ಟಿದ್ದೇನೆ. ಈಗೀಗ ಆಟದ ಹೊತ್ತಿಗೆ ಅವಳಿಗೆ ಎಚ್ಚರವೇ ಇರುವುದಿಲ್ಲ. ಭಾನುವಾರ ನೀವು, "ಈ ಒಂದು ಗಂಟೆಗೋಸ್ಕರ ನಾನು ಬದುಕಿರೋದು ಕಣೇ" ಎಂದು ಅವಳಿಗೆ ಪರದೆಯ ಮೇಲೆ ಬರೆದಿರಿ. ಅವಳು ನಿದ್ದೆಯಲ್ಲಿದ್ದಳು. "ನಾನೂ ಅಷ್ಟೇ ಅಪ್ಪಾ" ಎಂದು ನಾನು ಒತ್ತಿದೆ. ಯಾರ ಪರವಾಗಿ ಒತ್ತಿದೆನೋ ನನಗೇ ಗೊತ್ತಿಲ್ಲ. ಈ ಕಾಗದ ಓದಿದ ಮೇಲೂ ಸಂಜೆ ಬನ್ನಿ, ಏನೂ ತಿಳಿಯದವರ ಹಾಗೆ ಆಡಿ. ಸೇತುವೆ ಮುಗಿಸಬೇಡಿ, ಒಂದು ಕಲ್ಲು ಬಾಕಿ ಇರಲಿ. ಅವಳು ಕಣ್ಣು ಬಿಟ್ಟಾಗ ಪರದೆಯ ಮೇಲೆ ಅಪ್ಪ, ಮಗಳು ಇಬ್ಬರೂ ಓಡಾಡುತ್ತಿರಬೇಕು.