ಅಮೆರಿಕಾಕ್ಕೆ ಕಟ್ಟಿದ ಒಡಪು

೨೮ ಜೂನ್ ೨೦೨೪, ಶುಕ್ರವಾರ. ಬೆಳಿಗ್ಗೆ ೯

ಮತ್ತೆ ಹಾಲು ಉಕ್ಕಿತು. ಆರೂವರೆಯಿಂದ ಟೀವಿಯಲ್ಲಿ ಅಮೆರಿಕಾ. ಇಬ್ಬರು ಮುದುಕರು ಎದುರಾಬದುರಾ ನಿಂತು ವಾದ. ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ಬೀಜ-ಗೊಬ್ಬರ ಮಾರುವ ನನ್ನ ಗಂಡ ಬಸಂತರಾಯರಿಗೆ ಇದರಿಂದ ಏನು ಬರಬೇಕೋ ಗೊತ್ತಿಲ್ಲ. ಅವರದು ಆನೆ ಪಕ್ಷ. ಸಿಂದಗಿಯಲ್ಲಿ ರಾಜ್ಯಶಾಸ್ತ್ರ ಕಲಿಸುವ ನನ್ನ ತಮ್ಮ ಸಂಜೀವಕುಮಾರನದು ಕತ್ತೆ ಪಕ್ಷ. ಗುರುತು ಅಮೆರಿಕಾದವರೇ ಇಟ್ಟುಕೊಂಡದ್ದು, ನಾವು ಬೈದದ್ದಲ್ಲ.

ಇಬ್ಬರಿಗೂ ಅಲ್ಲಿ ಓಟಿಲ್ಲ. ಇಲ್ಲಿ ಇತ್ತು. ಮೇ ತಿಂಗಳಲ್ಲಿ ಬಿಸಿಲು ಎಂದು ಇವರು ಹೋಗಲಿಲ್ಲ.

ಕತ್ತೆ ಪಕ್ಷದ ಅಜ್ಜ ನಡುವೆ ಮಾತು ಮರೆತು ನಿಂತ. ಇವರು ಸೋಫಾದಿಂದ ಎದ್ದೇಬಿಟ್ಟರು. “ನೋಡ ನೋಡ, ನಿನ್ನ ತಮ್ಮನ ಮುತ್ಯಾ ಹ್ಯಾಂಗ ನಿಂತಾನ. ಕರೆಂಟ್ ಹೋದ ಪಂಪಸೆಟ್ ಗತೆ.”

“ನೀವೂ ನಿನ್ನಿ ಪೆಟ್ರೋಲ್ ಹಾಕಸಾಕ ಹೋಗಿ ಬಾಳಿಹಣ್ಣ ತಂದ್ರಿ,” ಎಂದೆ. ಕೇಳಿಸಲಿಲ್ಲ.

ಒಬ್ಬಾಂವ ಮರೀತಾನ, ಒಬ್ಬಾಂವ ಮೆರೀತಾನ,
ನಮ್ಮಾಂವ ಚಾದಾಗ ಬಿಸ್ಕೀಟ ಕರಗೂತನಾ ಕೂಡ್ತಾನ.

೧೪ ಜುಲೈ, ಭಾನುವಾರ

ಆನೆಯವನ ಕಿವಿಗೆ ಗುಂಡು ಸವರಿಕೊಂಡು ಹೋಗಿದೆ. ಸಭೆಗೆ ಬಂದವನೊಬ್ಬ ಸತ್ತನಂತೆ. ಅವನ ಹೆಸರೇನು ಎಂದು ಇವರು ಕೇಳಲೂ ಇಲ್ಲ. ಕಿವಿಯದೇ ಚಿಂತೆ. ಮಧ್ಯಾಹ್ನ ಅರ್ಧ ರೊಟ್ಟಿ ತಿಂದು ಎದ್ದರು. ನನ್ನ ಪಿತ್ತಕೋಶ ತೆಗೆದ ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎರಡು ಪ್ಲೇಟ್ ಉಪ್ಪಿಟ್ಟು ತಿಂದ ಮನುಷ್ಯ. ಪಿತ್ತಕೋಶ ಕಿವಿಯ ಹಾಗೆ ಹೊರಗೆ ಕಾಣುವುದಿಲ್ಲ, ಅದೇ ನನ್ನ ತಪ್ಪು.

೨೨ ಜುಲೈ, ಸೋಮವಾರ

ಮುತ್ಯಾನನ್ನು ಅವನ ಪಕ್ಷದವರೇ ಇಳಿಸಿದರು. ಅವನ ಜಾಗಕ್ಕೆ ಹೆಂಗಸು ಬರುತ್ತಾಳಂತೆ. ಪಕ್ಕದ ಮನೆಯ ರೇವವ್ವ ಬಾಗಿಲಲ್ಲೇ ನಿಂತು ಕೇಳಿದಳು: “ಎಲೆಕ್ಟೋರಲ್ ಕಾಲೇಜ್ ಅಂದ್ರ ಅಲ್ಲಿ ಫೀ ಎಷ್ಟ್ರಿ?” ಇವರು ಅರ್ಧ ತಾಸು ವಿವರಿಸಿದರು. ಕೇಳಿಕೊಂಡು ಹೋಗುವಾಗ ಅವಳು ನನಗೆ ಮೆಲ್ಲಗೆ, “ಯಜಮಾನ್ರಿಗೆ ಗೊತ್ತಿಲ್ಲ ಬಿಡ್ರಿ,” ಎಂದಳು.

ಸಂಜೀವನ ಫೋನು. “ಅಕ್ಕಾ, ಇನ್ನ ನೋಡ ಆಟ. ಮಾಮಾಗ ಹೇಳು.” ಆಮೇಲೆ ನೆನಪಾದವನ ಹಾಗೆ, “ಮತ್ತ... ಅಮಿತ ಹೂಂ ಅಂದಾನ. ದೀಪಾವಳಿ ಆದ ಮ್ಯಾಲ ಎಂಗೇಜ್‌ಮೆಂಟ್ ಇಟ್ಕೊಳ್ಳೂಣು.”

ಅಮಿತ ಅವನ ಮಗ. ಆಲಮೇಲದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ನನ್ನ ಭಾಗ್ಯಜ್ಯೋತಿಗೂ ಅವನಿಗೂ ಯಾವಾಗಿನಿಂದಲೋ ಇದೆ. ನಾವು ದೊಡ್ಡವರು ಗೊತ್ತಿಲ್ಲದವರ ಹಾಗೆ ಇದ್ದೆವು. ಮಗಳು ಹೋಗುವುದು ನನ್ನ ತವರಿಗೇ. ಅವಳ ಹಿಂದೆ ನನಗೂ ಅಲ್ಲಿ ಮತ್ತೆ ಒಂದು ತಾಟು. ಇಷ್ಟು ಸಂತೋಷವನ್ನು ಬರೆದಿಡಲು ಭಯ.

ಒಂದೇ ಮುಳ್ಳು, ಜಯಮಾಲಾ. ತಮ್ಮನ ಎರಡನೆಯ ಹೆಂಡತಿ. ಅಮಿತನ ತಾಯಿ ಹೋದಾಗ ಅವನಿಗೆ ಎರಡು ವರ್ಷ. ಇವಳು ಬಂದು ಸಾಕಿದಳು. ತನಗೆ ಮಕ್ಕಳಾಗಲಿಲ್ಲ. ಮಲತಾಯಿ ಎಂಬ ಮಾತು ಆ ಮನೆಯಲ್ಲಿ ಯಾರೂ ಆಡಿಲ್ಲ. ಆಡುವ ಸಂದರ್ಭವನ್ನೇ ಅವಳು ಕೊಟ್ಟಿಲ್ಲ. ನನ್ನ ಮಗಳು ಕೂಡ ರಜೆ ಬಂದರೆ ಅತ್ತಿ ಅತ್ತಿ ಎಂದು ಅವಳ ಹಿಂದೆ. ಇಷ್ಟು ಒಳ್ಳೆಯವರಾಗುವುದು ನನಗೆ ಸರಿಬರುವುದಿಲ್ಲ.

೧೧ ಸೆಪ್ಟೆಂಬರ್, ಬುಧವಾರ

ಇವತ್ತು ಆನೆಯವನಿಗೂ ಹೆಂಗಸಿಗೂ ವಾದ. ವಲಸೆ ಬಂದವರು ಊರವರ ನಾಯಿ ಬೆಕ್ಕು ತಿನ್ನುತ್ತಾರೆ ಎಂದು ಅವನು. ಇವರು ಎದ್ದುಹೋಗಿ ನಮ್ಮ ಓಣಿಯ ಬೆಕ್ಕುಗಳನ್ನು ಕಿಟಕಿಯಿಂದ ನೋಡಿ ಬಂದರು. ಎಲ್ಲವೂ ಇದ್ದವು.

‘ಬಂಧು ಬಳಗ’ ವಾಟ್ಸಾಪ್ ಗ್ರೂಪಿನಲ್ಲಿ ಯುದ್ಧ. ಗಂಡಸರಿಗೆ ಬೈಯಲು ಮಾತು ಸಾಲುತ್ತಿಲ್ಲ. ಇವರು ಬಂದು, “ಲೇ, ಒಂದೆರಡ ಸಾಲ ಕಟ್ಟಿ ಕೊಡ. ನಿನಗ ಒಡಪು ಬರತಾವಲ್ಲ,” ಎಂದರು. ಬರುತ್ತವೆ. ಬಸುರಿಯ ಕುಬಸ, ಮದುವೆ ಎಂದರೆ ಗಂಡನ ಹೆಸರು ಹೇಳಲು ಓಣಿಯ ಹೆಂಗಸರೆಲ್ಲ ನನ್ನ ಹತ್ತಿರವೇ ಬರುವುದು. ಎರಡು ಸಾಲಿನ ಪ್ರಾಸದಲ್ಲಿ ಗಂಡನನ್ನು ಸುತ್ತಿ ಕೊಡುತ್ತೇನೆ, ಪಾರ್ಸೆಲ್. ಬಿ.ಎ. ಕನ್ನಡಕ್ಕೆ ಇಷ್ಟಾದರೂ ಉಪಯೋಗ.

ಕತ್ತಿಗೆ ಹಾಕಿದ್ರ ಓಟ,
ಒದಿಕೀನ ಮೂರ ಹೊತ್ತಿನ ಊಟ.

ಇವರು ತಮ್ಮದೇ ಎಂದು ಹಾಕಿದರು. ಹನ್ನೊಂದಕ್ಕೆ ಸಂಜೀವನ ಫೋನು. “ಅಕ್ಕಾ, ಮಾಮಾ ಭಾರೀ ಬರದಾರ. ನನಗೂ ಒಂದ ಕೊಡ. ಅವರಿಗೆ ಹೇಳಬ್ಯಾಡ.” ಕೊಟ್ಟೆ.

ಆನಿ ಹೊಕ್ಕರ ತ್ವಾಟ,
ಉಳಿಯೂದು ಲದ್ದೀದ ನೋಟ.

ಸಂಜೆ ಇವರು ಫೋನು ತೋರಿಸಿ ಹಲ್ಲು ಕಡಿದರು. “ನಿನ್ನ ತಮ್ಮಗ ಸೊಕ್ಕ ಬಂದೈತಿ.” ನಗು ಬಂತು. ಸಾಸಿವೆ ಸಿಡಿಸುವ ನೆಪದಲ್ಲಿ ಒಳಗೆ ಹೋದೆ. ಕಾದಾಡುವ ಎರಡು ದೇಶಕ್ಕೂ ಮದ್ದುಗುಂಡು ಮಾರುವವರು ಹೀಗೇ ನಗುತ್ತಿರಬೇಕು.

೪ ಅಕ್ಟೋಬರ್, ಶುಕ್ರವಾರ

ಒಡಪಿನ ವ್ಯಾಪಾರ ಜೋರು. ವಾರಕ್ಕೆ ಇವರಿಗೆ ಎರಡು, ಅವನಿಗೆ ಎರಡು.

ಇವತ್ತು ಇವರು ಹೊಸ ಸುದ್ದಿ ತಂದರು. “ಆ ಕತ್ತಿ ಪಕ್ಷದಾಕೀಗೆ ಸ್ವಂತ ಮಕ್ಕಳಿಲ್ಲಂತ. ಗಂಡನ ಮಕ್ಕಳನ್ನ ಸಾಕ್ಯಾಳಂತ. ಅಲ್ಲಿ ಮಂದಿ ಅದನ್ನ ಹಿಡದ ಆಡಾಕತ್ಯಾರ. ಅದರ ಮ್ಯಾಲ ಒಂದ ಕಟ್ಟು, ಜಬರದಸ್ತ್.”

ಕುಕ್ಕರು ಮೂರು ಸೀಟಿ ಹೊಡೆಯುವುದರೊಳಗೆ ಬಂತು.

ಹಡೀಲಾರದಾಕಿ ಕೈಯಾಗ ತೊಟ್ಟಿಲ ಹಗ್ಗ,
ಮಂದಿ ಕೂಸಿಗೆ ಜೋಗುಳ ಅಗ್ಗ.

ಹಗ್ಗ ಬಂದ ಮೇಲೆ ಅಗ್ಗ ತಾನೇ ನಡೆದು ಬಂದು ಕುಳಿತುಕೊಂಡಿತು. ಸಿಂದಗಿಯಲ್ಲಿ ಇದನ್ನು ಯಾರು ಓದುತ್ತಾರೆ ಎಂದು ಹೊಳೆಯಲಿಲ್ಲವೇ? ಹೊಳೆಯಿತು. ಕೊಡುವ ಮೊದಲೇ ಹೊಳೆಯಿತು. ಆದರೆ ಇಂಥ ಪ್ರಾಸ ದಿನಾ ಬರುವುದಿಲ್ಲ. ಕೊಟ್ಟೆ.

೬ ಅಕ್ಟೋಬರ್, ಭಾನುವಾರ

ಗ್ರೂಪಿನಲ್ಲಿ ಎರಡು ದಿನದಿಂದ ಗುಡ್ ಮಾರ್ನಿಂಗ್ ಕೂಡ ಇಲ್ಲ. ಸಂಜೀವ ಗ್ರೂಪು ಬಿಟ್ಟು ಹೋಗಿದ್ದಾನೆ. ಜಯಮಾಲಾ ಹೋಗಿಲ್ಲ. ಅದೇ ಹೆಚ್ಚು ಅಂಜಿಕೆ.

ಸಂಜೀವ ನನಗೆ ಫೋನು ಮಾಡಿದ. ದನಿ ಬೇರೆ. “ಅಕ್ಕಾ, ಆನಿ ಕತ್ತಿ ಏನರ ಅನ್ಲಿ. ನನ್ನ ಹೇಣ್ತೀನ ಅಂದ್ರು. ಅಂಥಾ ಮನಿ ಹೆಣ್ಣ ನಮಗ ಬ್ಯಾಡ. ನೀ ಬ್ಯಾಸರ ಮಾಡ್ಕೋಬ್ಯಾಡ, ನಿಂದೇನೂ ತಪ್ಪಿಲ್ಲ.”

ನಂದೇನೂ ತಪ್ಪಿಲ್ಲ. ಹೂಂ ಎಂದೆ.

ಜ್ಯೋತಿ ಅಪ್ಪನೊಂದಿಗೆ ಮಾತು ಬಿಟ್ಟಿದ್ದಾಳೆ. ಅತ್ತಿಲ್ಲ. ತಾಟು ಮುಂದಿಟ್ಟರೆ ಸರಿಸುತ್ತಾಳೆ. “ಅಪ್ಪಾ, ಆ ಮಾತ ನಿಮಗ ಹ್ಯಾಂಗ ಬಂತು?” ಎಂದಳು, ಒಂದೇ ಸಲ. ಇವರು ನನ್ನ ಮುಖ ನೋಡಿದರು. ನಾನು ಹೆಸರುಕಾಳಿನಲ್ಲಿ ಹರಳು ಹುಡುಕಿದೆ. ಇವರು ಒಳ್ಳೆಯವರು, ಹೇಳಲಿಲ್ಲ. ಅಥವಾ ಪ್ರಾಸ ತಮ್ಮದಲ್ಲ ಎಂದು ಒಪ್ಪಿಕೊಳ್ಳಲು ಇನ್ನೂ ನಾಚಿಕೆ.

೧೨ ಅಕ್ಟೋಬರ್, ದಸರಾ

ಬನ್ನಿ ಕೊಡುವ ನೆಪದಲ್ಲಿ ಇವರು ಸಿಂದಗಿಗೆ ಫೋನು ಹಚ್ಚಿದರು. ಸಂಜೀವ ತೆಗೆಯಲಿಲ್ಲ, ಜಯಮಾಲಾ ತೆಗೆದಳು. “ತಂಗೀ, ಬನ್ನಿ ತಗೊಂಡು ಬಂಗಾರದ್ಹಂಗ ಇರೋಣವಾ. ನನ್ನ ಬುದ್ಧಿ ಸೆಗಣಿ ತಿಂದಿತ್ತು.” ಐವತ್ತೆರಡು ವರ್ಷದ ಗಂಡಸು, ಗೋಡೆಯ ಕಡೆ ಮುಖ ಮಾಡಿ ಅಳುತ್ತಾ. ನನ್ನ ಎರಡು ಸಾಲಿಗೆ ಅವರ ಕಣ್ಣೀರು. ಕರಿಗಡಬು ತುಂಬುತ್ತಾ ಕೇಳಿದೆ. ಬಾಯಿ ತೆರೆಯಬಹುದಿತ್ತು. ತೆರೆದೆ... ಎಣ್ಣೆ ಕಾದಿದೆ ಎಂದೆ.

೨೧ ಅಕ್ಟೋಬರ್, ಸೋಮವಾರ. ಮಧ್ಯಾಹ್ನ ೩

ಈಗ ಹೋದಳು.

ಜಯಮಾಲಾ ಒಬ್ಬಳೇ ಬಂದಿದ್ದಳು, ಎರಡು ಬಸ್ಸು ಬದಲಿಸಿ. ಇವರು ಅಂಗಡಿಯಲ್ಲಿ, ಜ್ಯೋತಿ ಬಿ.ಎಡ್. ಕ್ಲಾಸಿನಲ್ಲಿ. ನೋಡಿಕೊಂಡೇ ಬಂದಿರಬೇಕು. ಅಡುಗೆ ಮನೆಗೇ ಬಂದು ಕಟ್ಟೆಗೆ ಒರಗಿ ನಿಂತಳು.

“ಅಣ್ಣಾರು ಫೋನ್ ಮಾಡಿದ್ರು. ಪಾಪ, ಭಾಳ ಅತ್ತರು.”

“ಅವರ ಬುದ್ಧೀನ ಹಂಗ,” ಎಂದೆ.

“ಬುದ್ಧಿ ಹ್ಯಾಂಗರ ಇರ್ಲಿ. ಅಣ್ಣಾರಿಗೆ ಪ್ರಾಸ ಬರೂದಿಲ್ಲ ಅಕ್ಕಾರ.”

ಚಹಾ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ.

“ಓಟ ಊಟ ಅವರ ಕಡೆ. ತ್ವಾಟ ನೋಟ ನಮ್ಮ ಮನಿಯವರ ಕಡೆ. ಎರಡೂ ಒಂದ ಮಿಶಿನ್ ಹೊಲಿಗಿ. ಆವತ್ತ ಓದಿ ಓದಿ ನಕ್ಕಿದ್ದೆ ನಾ, ಅಕ್ಕಾರು ಇಬ್ಬರನ್ನೂ ಕುಣಸಾಕತ್ಯಾರ ಅಂತ. ಹಗ್ಗ ಅಗ್ಗ ಬಂದಾಗ ಮಿಶಿನ್ ಯಾರದು ಅಂತ ಕೇಳೂದು ಬೇಕಿರಲಿಲ್ಲ.”

“ಅದು ಅಮೆರಿಕಾದಾಕೀಗೆ ಕಟ್ಟಿದ್ದು.”

“ಹೌದ್ರಿ. ಆಕಿ ಓದಿದ್ಲೇನ್ರಿ?”

ಅವಳೇ ಮುಂದುವರಿಸಿದಳು. ದನಿ ಏರಿಸಲಿಲ್ಲ, ಸಂತೆಯಲ್ಲಿ ಬದನೆ ಕೇಳುವಷ್ಟೇ. “ನಮ್ಮ ಮನಿಯವರಿಗೆ ಗೊತ್ತಾದ್ರ ಮತ್ತ ಈ ಹೊಸ್ತಿಲ ತುಳಿಯೂದಿಲ್ಲ. ಅಮಿತಗ ಗೊತ್ತಾದ್ರ ಜ್ಯೋತಿ ಇಲ್ಲೇ ಉಳೀತಾಳ. ಅದಕ್ಕ ಹೇಳೂದಿಲ್ಲ. ಹುಡುಗಿ ಚಲೋ ಐತಿ, ನನ್ನ ಮಗಗ ಬೇಕಾಗೇತಿ. ನಮ್ಮ ಮನಿಯವರನ್ನ ನಾ ಒಪ್ಪಸ್ತೇನಿ.”

“ಮತ್ತ ನಿನಗೇನ ಬೇಕು?”

“ಆಕೀನ್ನ ಕಳಸ್ರಿ. ಹಡದಾಕಿ ನೀವ ಇರ್ರಿ, ಅದನ್ನ ಯಾರೂ ಕಸಗೊಳ್ಳೂದಿಲ್ಲ. ಅವ್ವ ನಾ ಆಗ್ತೇನಿ. ನನಗ ರೂಢಿ ಐತಿ.”

ಚಹಾ ಕುಡಿದಳು. ಸಕ್ಕರೆ ತುಸು ಮುಂದಾಗಿದೆ ಎಂದಳು. ಕಪ್ಪು ತಾನೇ ತೊಳೆದಿಟ್ಟು ಹೋದಳು.

೬ ನವೆಂಬರ್, ಬುಧವಾರ

ಆನೆ ಗೆದ್ದಿತು. ಇವರು ಮಾರ್ಕೆಟ್ ಯಾರ್ಡಿನಲ್ಲಿ ಪೇಡಾ ಹಂಚಿದರು. ಹಮಾಲರು ಯಾರ ಮನೆಯಲ್ಲಿ ಗಂಡು ಹುಟ್ಟಿತೆಂದು ಕೇಳಿದರಂತೆ.

ಸಂಜೆ ಸಂಜೀವನೇ ಫೋನು ಮಾಡಿದ. “ಮಾಮಾ, ಗೆದ್ರಿ ಬಿಡ್ರಿ.” “ನಿಮ್ಮಾಕೀನೂ ಚಲೋ ಓಡಿದ್ಲಪಾ.” ಇಬ್ಬರೂ ನಕ್ಕರು. ಆಮೇಲೆ ಭಾನುವಾರದ ಎಂಗೇಜ್‌ಮೆಂಟಿಗೆ ಶ್ಯಾವಿಗೆ ಪಾಯಸವೋ ಬುಂದಿಯೋ ಎಂಬ ಚರ್ಚೆ. ಬುಂದಿ ಗೆದ್ದಿತು. ನಾಲ್ಕು ತಿಂಗಳು ಹಲ್ಲು ಕಡಿದದ್ದು ಇಬ್ಬರಿಗೂ ನೆನಪಿಲ್ಲ. ಜಯಮಾಲಾ ಎಲ್ಲವನ್ನೂ ಸರಿ ಮಾಡಿದಳೆಂದು ಮನೆ ತುಂಬಾ ಹೊಗಳಿಕೆ. ನಾನೂ ಹೊಗಳಿದೆ.

“ಗೆದ್ದದ್ದಕ್ಕ ಒಂದೆರಡ ಸಾಲ ಕೊಡ,” ಎಂದರು ಇವರು.

“ಮಿಶಿನ್ ಕೆಟ್ಟೈತ್ರಿ.”

ಹೊಲಿಗೆ ಮಿಶಿನ್ನಿಗೆ ಎಣ್ಣೆ ಬಿಡಲು ಹೋದರು, ಪುಣ್ಯಾತ್ಮ.

೧೦ ನವೆಂಬರ್, ಭಾನುವಾರ

ಮುಗಿಯಿತು. ಉಂಗುರ ಸರಿಯಾಗಿ ಕೂತಿತು. ಅಮಿತ ನನ್ನ ಕಾಲು ಮುಟ್ಟಿದ. ಜ್ಯೋತಿಯ ಮುಖ ನೋಡಿ, ಆದದ್ದೆಲ್ಲ ಆಗಲಿ ಬಿಡು ಎನಿಸಿತು. ಒಂದು ಗಳಿಗೆ.

ಆರತಿ ಆದ ಮೇಲೆ ಹೆಂಗಸರದು ಶುರು. ಗಂಡನ ಹೆಸರು ಹೇಳ್ರಿ, ಒಡಪು ಹಾಕ್ರಿ ಎಂದು. ಎಲ್ಲರಿಗೂ ನನ್ನದೇ ಸರಕು; ರೇವವ್ವನಿಗೂ ಬರೆದುಕೊಟ್ಟಿದ್ದೆ. ಜಯಮಾಲಾ ಮಾತ್ರ ಕೇಳಿರಲಿಲ್ಲ. ಅವಳ ಸರದಿ ಬಂತು. ಸೆರಗು ಹೊದ್ದು, ನನ್ನ ಕಡೆ ನೋಡದೆಯೇ ಹೇಳಿದಳು:

ಹಡದಾಕಿಗೆ ಒಂದ ದಿನದ ಬ್ಯಾನಿ,
ಸಂಜೀವಕುಮಾರರ ಮನ್ಯಾಗ ಸಾಕಿದಾಕೀನ ರಾಣಿ.

ಹೋ ಎಂದು ನಗು. ಅಮಿತ ಎದ್ದು ಬಂದು ಅವಳ ಹೆಗಲ ಮೇಲೆ ಕೈ ಹಾಕಿದ. ಜ್ಯೋತಿ ಕಣ್ಣು ಒರೆಸಿಕೊಂಡಳು. ರೇವವ್ವ ನನ್ನ ಪಕ್ಕೆ ತಿವಿದು, “ನಿಮಗಿಂತ ಚಲೋ ಕಟ್ಯಾಳಲ್ರೀ,” ಎಂದಳು.

ನಿ-ಣಿ, ಪ್ರಾಸ ಪೂರಾ ಕೂಡುವುದಿಲ್ಲ. ಅದನ್ನು ಯಾರಿಗೆ ಹೇಳಲಿ? ಎಲ್ಲರಿಗಿಂತ ಜೋರಾಗಿ ನಾನೇ ಚಪ್ಪಾಳೆ ಹೊಡೆದೆ.

೧ ಡಿಸೆಂಬರ್, ಭಾನುವಾರ. ಸಂಜೆ

ಮದುವೆ ಫೆಬ್ರವರಿಯಲ್ಲಿ. ಪಡಸಾಲೆಯಲ್ಲಿ ಕುಳಿತು ಬೀಗರಿಗೆ ಕೊಡುವ ಆಹೇರಿ ಬಟ್ಟೆಗಳನ್ನು ಬೇರೆ ಮಾಡುತ್ತಿದ್ದೆ. ಒಳಗಿನಿಂದ ಜ್ಯೋತಿ, “ಅವ್ವಾ, ಧಾರಿಗೆ ಹಸರ ಸೀರಿ ತಗೊಳ್ಳೋ, ಕೆಂಪೋ?”

“ಹಸರ ತಗೋ,” ಎಂದೆ.

“ನಿನಗಲ್ಲ ಬೇ. ಫೋನಿನ್ಯಾಗ ಅದೇನಿ.”

ದೀಪಾವಳಿಯ ತನಕ ಜಯಮಾಲಾಳನ್ನು ಅತ್ತಿ ಎನ್ನುತ್ತಿದ್ದಳು. ಯಾರೂ ಕಲಿಸಿಲ್ಲವಂತೆ. ಬಾಯಿಗೆ ಹಾಗೇ ಬಂತಂತೆ. “ನಿನಗ ಬ್ಯಾಸರ ಆತೇನ?” ಎಂದು ಬಾಗಿಲಿಗೆ ಬಂದು ಕೇಳಿದಳು, ಫೋನಿನ ಮೇಲೆ ಕೈ ಮುಚ್ಚಿಕೊಂಡು. “ನನಗ್ಯಾಕ ಬ್ಯಾಸರ,” ಎಂದೆ. ಕೆಂಪು ಎಂದು ತೀರ್ಮಾನವಾಯಿತು.

ಇವರು ಬಂದು, ಮುಂದಿನ ಸಲ ಅಮೆರಿಕಾದಲ್ಲಿ ಯಾರು ನಿಲ್ಲಬಹುದು ಎಂದು ಶುರು ಮಾಡಿದ್ದಾರೆ. ಕೇಳುವವರಿಲ್ಲ. ಟೀವಿಗೇ ಹೇಳುತ್ತಿದ್ದಾರೆ.

ಈಗ ಒಳಗಿನಿಂದ ಮತ್ತೆ ಅವ್ವಾ ಎಂದಳು. ಏಳಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತು ಮತ್ತೊಮ್ಮೆ ನಿನಗಲ್ಲ ಎನಿಸಿಕೊಳ್ಳುವುದು ಬೇಡ. ಇನ್ನೊಂದು ಸಲ ಕರೆದಳು, ತುಸು ಜೋರಾಗಿ. ಯಾರನ್ನ ಅಂತ ಕೇಳಿ ಬರುತ್ತೇನೆ.