ಅಡ್ಡ ನಿಲ್ಲಿಸಿದ ಲಾರಿ

ಸಂಜೆ ಆರು ಗಂಟೆ

ಅತ್ತೆಯವರಿಗೆ ನಮಸ್ಕಾರ.

ಇವತ್ತು ಲಾಯರ್ ಮನೆಗೆ ಬಂದಿದ್ದರು. “ಲಾರಿ ಕೆಟ್ಟು ನಿಂತಿತ್ತು ಅಂದುಬಿಡಪ್ಪ, ದಂಡದಲ್ಲಿ ಮುಗಿಯುತ್ತೆ. ಬೇಕಂತಲೇ ಹೆದ್ದಾರಿ ತಡೆದೆ ಅಂದರೆ ಜೈಲೇ ಗತಿ” ಅಂದರು. ನಾನು ಹೂಂ ಅನ್ನಲಿಲ್ಲ.

ನಿಮ್ಮ ಮಗಳು ಹೆದ್ದಾರಿ ದಾಟುವಾಗ ಕಾರಿಗೆ ಸಿಕ್ಕಿ ಹೋದ ದಿನ, ಅಲ್ಲೊಂದು ಮೇಲ್ಸೇತುವೆ ಕೊಡುವವರೆಗೂ ಯಾರೂ ಹೋಗಕೂಡದು ಅಂತ ನಾನೇ ಲಾರಿ ಅಡ್ಡ ಹಾಕಿದೆ. ಕೀಲಿ ಜೇಬಿಗೆ ಹಾಕಿಕೊಂಡು ಅವಳನ್ನು ಮಣ್ಣು ಮಾಡಲು ಹೋದೆ. ಹೊತ್ತು ಮುಳುಗುತ್ತಾ ಬಂದರೂ ನೀವು ಬರಲಿಲ್ಲ. ಹೆತ್ತವಳಿಗೇ ಬೇಡವಾಯಿತೇ ಅಂತ ನಾಲ್ಕು ಜನರ ಮುಂದೆ ಅಂದುಬಿಟ್ಟೆ. ಇನ್ನು ಕಾಯುವುದು ಬೇಡ ಅಂದವನೂ ನಾನೇ. ಆ ಹೊತ್ತಿಗೆ ನೀವು ನನ್ನ ಲಾರಿಯ ಹಿಂದೆ ಸಿಕ್ಕಿಕೊಂಡ ಬಸ್ಸಿನಿಂದ ಇಳಿದು ನಡೆದು ಬರುತ್ತಿದ್ದಿರಿ.

“ಮುಖ ಒಂದು ತೋರಿಸಬಹುದಿತ್ತಲ್ಲಪ್ಪಾ” ಅಂದಿರಿ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಲಾರಿ ಕೆಟ್ಟಿತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಹೊರಗೆ ಬರುವವರೆಗೂ ಮಗು ನಿಮ್ಮ ಹತ್ತಿರ ಇರಲಿ. ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಜಡೆ ಬಿಗಿಯಾಗಿ ಹೆಣೆದರೆ ಅಳುತ್ತಾಳೆ. ಹಾಲಿಗೆ ಸಕ್ಕರೆ ಬೇಡ.

ಈ ಕಾಗದ ಹಿಡಿದು ನನ್ನ ತಮ್ಮನೇ ಅವಳನ್ನು ಕರೆತರುತ್ತಾನೆ. ನಾಳೆ ಹತ್ತೂವರೆಗೆ ಕೋರ್ಟಿನಲ್ಲಿ ನನ್ನ ಕೇಸು ಕೂಗುತ್ತಾರೆ.

ನಿಮ್ಮ ಅಳಿಯ